ಒಂಬತ್ತು ಕೋಟೆಯ ಮಧ್ಯಸ್ಥೆ

ವಡೋದರಾದಲ್ಲಿ ದೂರದೂರಿನ ಕರೆ ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೂರುತ್ತಿದ್ದ ಶಕುಂತಲಾಗೆ ಊರಿನ ಅರ್ಧ ಗುಟ್ಟು ಗೊತ್ತು ಎಂದು ಮಂಜಲ್‌ಪುರದ ಅವಳ ಹೌಸಿಂಗ್ ಸೊಸೈಟಿಯ ಹೆಂಗಸರು ನಂಬಿದ್ದರು. ನಂಬಿಕೆ ಪೂರ್ತಿ ಸುಳ್ಳಲ್ಲ. ಲೈನ್ ಸರಿಯಾಗಿದೆಯೇ ಎಂದು ಒಂದು ಗಳಿಗೆ ಕಿವಿಗೊಟ್ಟಾಗ ಬೇಡದ ಮಾತೂ ಬಿದ್ದೇ ಬೀಳುತ್ತದೆ. ಪಕ್ಕದ ಬೀದಿಯ ಹುಡುಗಿಯ ನಿಶ್ಚಿತಾರ್ಥ ಮುರಿದ ಸುದ್ದಿ ಮುಂಬೈಯಿಂದ ಬಂದದ್ದು ಹಾಗೆ, ಅವಳ ಬೋರ್ಡಿನ ಮೂಲಕ. ಆ ಸಂಜೆಯೇ ಹುಡುಗಿಯ ತಾಯಿ ತರಕಾರಿ ಗಾಡಿಯ ಹತ್ತಿರ ಸಿಕ್ಕಿ ಮದುವೆ ಸೀರೆಯ ಮಾತೆತ್ತಿದಳು. ಅವಳಿಗಿನ್ನೂ ವಿಷಯ ಗೊತ್ತಿರಲಿಲ್ಲ. ಶಕುಂತಲಾ ಸೀರೆಯ ಬಣ್ಣ ಕೇಳಿದಳು, ಕೊತ್ತಂಬರಿ ಆರಿಸಿಕೊಂಡಳು, ಮನೆಗೆ ಬಂದಳು. ಗಂಡನಿಗೂ ಹೇಳಲಿಲ್ಲ. ಬೀದಿಗೆಲ್ಲ ಸುದ್ದಿ ಹರಡಿದ ಮೇಲೆ ಅವನು, "ನಿಂಗೆ ಮೊದ್ಲೇ ಗೊತ್ತಿತ್ತಲ್ವಾ?" ಎಂದು ಕೇಳಿದ.

"ನಾನು ಕೇಳೋದು ಲೈನು. ಮಾತಲ್ಲ," ಎಂದಳು.

ಅವಳು ಹಾಸನದ ಕಡೆಯವಳು. ಗಂಡ ಸತ್ಯಪ್ರಕಾಶ ವಿಮಾ ಕಚೇರಿಯವನು. ಅವನಿಗೆ ವಡೋದರಾಕ್ಕೆ ವರ್ಗವಾದಾಗ ಅವಳೂ ಅರ್ಜಿ ಹಾಕಿ ಹಿಂದೆಯೇ ವರ್ಗ ಮಾಡಿಸಿಕೊಂಡು ಬಂದಿದ್ದಳು. ಮಗಳು ಸ್ವಾತಿ ಇಲ್ಲೇ ಹುಟ್ಟಿದವಳು, ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ಟೆಲಿಫೋನ್ ಇಲಾಖೆಯವಳಾದ್ದರಿಂದ ಮನೆಯಲ್ಲಿ ಫೋನಿತ್ತು. ಆ ಫೋನು, ಅವಳ ಮುಚ್ಚಿದ ಬಾಯಿ, ಇವೆರಡರಿಂದಲೇ ಅವಳು ಒಂದು ಯುದ್ಧದ ನಡುವೆ ಸಿಕ್ಕಿಕೊಂಡಳು.

1993ರ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆಂದು ಕನ್ನಡ ಸಂಘದವರು ಸೇರಿದಾಗ, ಅಹಮದಾಬಾದಿನ ರೈಲ್ವೆಯಲ್ಲಿದ್ದ ಧಾರವಾಡದ ಬಸವರಾಜ ಒಂದು ಡ್ರಾಯಿಂಗ್ ಹಾಳೆಯ ಸುರುಳಿ ಬಿಚ್ಚಿ ಜಮಖಾನದ ಮೇಲೆ ಹರಡಿದ. ಎಲ್ಲೂ ಇಲ್ಲದ ಒಂದು ದೇಶವನ್ನು ಅವನೇ ಕೂತು ಬರೆದಿದ್ದ. ಒಂದು ಹೊಳೆ, ಒಂದು ಘಟ್ಟ, ಅಂಚಿಗೆ ಸ್ವಲ್ಪ ಕಡಲು, ಅಲ್ಲಲ್ಲಿ ಒಂಬತ್ತು ಕೋಟೆ. ನಾಲ್ಕು ಜನ ರಾಜರು, ತಲೆಗೆರಡು ಕೋಟೆ. ನಡುವಿನ ಘಟ್ಟದ ಕೋಟೆ ಯಾರದೂ ಅಲ್ಲ. ಹದಿನೈದು ದಿನಕ್ಕೊಂದು ಭಾನುವಾರ ಪ್ರತಿಯೊಬ್ಬ ರಾಜನೂ ತನ್ನ ದಂಡು ಯಾವ ಕೋಟೆಗೆ ಹೋಗಬೇಕೆಂದು ಗುಟ್ಟಾಗಿ ಮಧ್ಯಸ್ಥನಿಗೆ ತಿಳಿಸಬೇಕು. ಎಲ್ಲರದೂ ಬಂದ ಮೇಲೆ, ಎಲ್ಲವೂ ಒಂದೇ ಹೊತ್ತಿಗೆ ನಡೆಯಿತೆಂದು ಲೆಕ್ಕ. ಒಬ್ಬರ ದಂಡೇ ಹೋದರೆ ಕೋಟೆ ಅವರದು. ಇಬ್ಬರ ದಂಡು ಒಂದೇ ಕೋಟೆಗೆ ಹೊರಟಿತೋ, ಡಿಕ್ಕಿ. ಇಬ್ಬರಿಗೂ ಕೋಟೆಯಿಲ್ಲ, ಇಬ್ಬರ ಸೈನ್ಯವೂ ಅರ್ಧ. ರಾಜರು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಳ್ಳಬಹುದು, ಮುರಿಯಬಹುದು, ಮಾತಿಗೊಂದು ಸುಳ್ಳು ಹೇಳಬಹುದು. ಮಧ್ಯಸ್ಥನಿಗೆ ಮಾತ್ರ ನಿಜ ಹೇಳಬೇಕು.

"ಮಧ್ಯಸ್ಥ ಆಗೋರಿಗೆ ಮನ್ಯಾಗ ಫೋನ್ ಇರಬೇಕ್ರಿ," ಎಂದ ಬಸವರಾಜ. "ಮತ್ತ ಹೊಟ್ಟ್ಯಾಗ ಇದ್ದದ್ದು ಬಾಯಿಗೆ ಬರಬಾರದು."

ಎಲ್ಲರೂ ತಿರುಗಿ ಶಕುಂತಲಾಳನ್ನು ನೋಡಿದರು. ಅವಳು ಆಗ ಬಿಸಿಬೇಳೆಭಾತಿನ ಪಾತ್ರೆ ಹಿಡಿದು ನಿಂತಿದ್ದಳು.

ರಾಜರು ಇವರು. ನಕ್ಷೆ ಬರೆದ ಬಸವರಾಜ. ಫತೇಗಂಜ್‌ನಲ್ಲಿ ಯೂನಿವರ್ಸಿಟಿ ಹುಡುಗರಿಗೆ ದೋಸೆ ಇಡ್ಲಿಯ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯ ವಿಠ್ಠಲ. ಸೂರತ್‌ನ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಮೈಸೂರಿನ ಚಂದ್ರಶೇಖರ. ನಾಲ್ಕನೆಯವಳು ಇಂದಿರಾ, ಅಹಮದಾಬಾದಿನ ವಟ್ವಾದಲ್ಲಿ ಬಣ್ಣದ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್. ಮದುವೆಯಾಗಿರಲಿಲ್ಲ, ಮಾತು ಕಡಿಮೆ. ಆಟಕ್ಕೆ ಸೇರುತ್ತೇನೆಂದು ಅವಳು ಹೇಳಿದ್ದೇ ಎಲ್ಲರಿಗೂ ಆಶ್ಚರ್ಯ.

ಭಾನುವಾರ ಎಸ್‌ಟಿಡಿ ದರ ಕಡಿಮೆ. ಮಧ್ಯಾಹ್ನ ಹನ್ನೆರಡರೊಳಗೆ ಎಲ್ಲರೂ ಫೋನ್ ಮಾಡಬೇಕೆಂದು ನಿಯಮ. ಹೋಟೆಲಿನಲ್ಲಿ ಗಿರಾಕಿ ನುಗ್ಗುವ ಮೊದಲೇ ವಿಠ್ಠಲನದು ಬರುತ್ತಿತ್ತು. ಆಮೇಲೆ ಬಸವರಾಜ, ಚಂದ್ರಶೇಖರ. ಇಂದಿರಾಳ ಮನೆಯಲ್ಲಿ ಫೋನಿಲ್ಲ. ಬೂತಿನಲ್ಲಿ ಭಾನುವಾರ ಬೆಳಿಗ್ಗೆ ಬಿಹಾರ, ಒರಿಸ್ಸಾದ ಕೆಲಸಗಾರರ ಸಾಲು ನಿಂತಿರುತ್ತದೆಂದು ಅವಳದು ಯಾವಾಗಲೂ ಕೊನೆಗೆ. ಶಕುಂತಲಾ ಬಾಯಲ್ಲಿ "ಬರ್ಕೊಂಡೆ" ಎಂದರೂ ಅಪ್ಪಣೆಗಳನ್ನೆಲ್ಲ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಊಟವಾದ ಮೇಲೆ ಒಬ್ಬೊಬ್ಬರಿಗೂ ಫಲಿತಾಂಶ ಹೇಳುತ್ತಿದ್ದಳು. ಸೋತವರು ಗೊಣಗುತ್ತಿದ್ದರು, ಗೆದ್ದವರು ಅವಳ ಅಡುಗೆ ಹೊಗಳುತ್ತಿದ್ದರು. ಹತ್ತು ತಿಂಗಳು ಹೀಗೇ ಹೋಯಿತು.

ಮರುವರ್ಷದ ಸೆಪ್ಟೆಂಬರಿನಲ್ಲಿ ಸೂರತ್‌ಗೆ ಪ್ಲೇಗ್ ಬಂತೆಂದು ಸುದ್ದಿಯಾಯಿತು. ಜನ ಸಿಕ್ಕಿದ ರೈಲು, ಸಿಕ್ಕಿದ ಲಾರಿ ಹತ್ತಿ ಊರು ಬಿಟ್ಟರು. ಆ ಭಾನುವಾರ ಆಟದ ದಿನವೂ ಆಗಿತ್ತು. ಮೂವರ ಫೋನ್ ಬಂತು, ಚಂದ್ರಶೇಖರನದು ಬರಲಿಲ್ಲ. ಒಂದು ಗಂಟೆಯ ಸುಮಾರಿಗೆ ಅವನೇ, ಹೆಂಡತಿ ವಿಂಧ್ಯಾಳ ಜೊತೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅವಳ ಬಾಗಿಲಲ್ಲಿ ನಿಂತಿದ್ದ. ವಡೋದರಾದಲ್ಲಿ ಅವರಿಗೆ ಬೇರೆ ಯಾರೂ ಇರಲಿಲ್ಲ.

ಎದುರು ಮನೆಯವರು ಕಿಟಕಿ ಮುಚ್ಚಿದರು. ಮೇಲಿನ ಮನೆಯವರು ಸತ್ಯಪ್ರಕಾಶನನ್ನು ಮೆಟ್ಟಿಲಲ್ಲೇ ತಡೆದು, "ಸೂರತ್‌ನವರಾ? ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ಕೇಳಿದರು. ಸ್ವಾತಿ ಪ್ಲೇಗಿನ ಮಾತ್ರೆ ಟೆಟ್ರಾಸೈಕ್ಲಿನ್ ತರಲು ಹೋಗಿ ಎಲ್ಲ ಅಂಗಡಿಯಲ್ಲೂ ಖಾಲಿ ಎಂದು ಬರಿಗೈಲಿ ವಾಪಸು ಬಂದಳು. ಶಕುಂತಲಾ ಬಿಸಿನೀರು ಕಾಯಿಸಿದಳು, ಇಬ್ಬರಿಗೂ ಎಲೆ ಹಾಕಿದಳು. ಎರಡು ತುತ್ತು ಹೊಟ್ಟೆಗೆ ಹೋದ ಮೇಲೆ ಚಂದ್ರಶೇಖರನ ಮುಖದಲ್ಲಿ ಜೀವ ಬಂತು.

"ಶಕುಂತಲಾ ಅವ್ರೇ, ಇವತ್ತು ಆಟ ಇತ್ತಲ್ವಾ? ನಂದು ಬರ್ಕೊಳ್ಳಿ. ದಂಡು ನನ್ನ ಬಂದರುಕೋಟೆಗೆ ವಾಪಸ್ ಬಂದು ಕಾಯ್ಲಿ."

"ಹೊತ್ತು ಮೀರಿತು," ಎಂದಳು ಶಕುಂತಲಾ.

ಅವನು ತಮಾಷೆ ಎಂದುಕೊಂಡ. "ಪ್ಲೇಗ್ ಊರಿಂದ ಬರ್ತಿದೀನಿ ಮೇಡಂ. ಇನ್ನೂ ಯಾರಿಗೂ ಫಲಿತಾಂಶ ಹೇಳಿಲ್ಲ ತಾನೆ?"

"ಇಲ್ಲ. ಆದ್ರೆ ಹನ್ನೆರಡಕ್ಕೆ ಮುಗೀತು. ನೀವು ನಮ್ಮನೇಲಿ ಊಟ ಮಾಡ್ತಾ ಅಪ್ಪಣೆ ಕೊಟ್ರಿ ಅಂತ ಆದ್ರೆ ಉಳಿದ ಮೂವರಿಗೆ ನಾನೇನು ಹೇಳ್ಲಿ?"

ಸತ್ಯಪ್ರಕಾಶ ಸಾರಿನ ಸೌಟು ಹಿಡಿದೇ, "ಇರ್ಲಿ ಬಿಡೇ, ಒಂದು ಸಲ," ಎಂದ. ಅವಳು ಒಪ್ಪಲಿಲ್ಲ. ಅಪ್ಪಣೆ ಬಾರದ ದಂಡು ಹಿಂದಿನ ಸಲ ಹೋದಲ್ಲೇ ಇರುತ್ತದೆಂದು ನಿಯಮ. ಚಂದ್ರಶೇಖರನ ದಂಡು ಹೊಳೆಯಾಚೆ ಇತ್ತು. ಕಾಯುವವರಿಲ್ಲದ ಬಂದರುಕೋಟೆಗೆ ಇಂದಿರಾಳ ದಂಡು ನುಗ್ಗಿತು.

ಚಂದ್ರಶೇಖರ ದಂಪತಿ ಆ ಮನೆಯಲ್ಲಿ ವಾರಕ್ಕಿಂತ ಹೆಚ್ಚು ಇದ್ದರು. ಅವಳು ದಿನಾ ಬಡಿಸಿದಳು, ಅವನು ದಿನಾ ಉಂಡ. ಬಂದರುಕೋಟೆಯ ಮಾತು ಯಾರೂ ಆಡಲಿಲ್ಲ. ಹೊರಡುವ ದಿನ ಮಾತ್ರ ಅವನು ಚಪ್ಪಲಿ ಮೆಟ್ಟುತ್ತ, "ಇಂದಿರಾಗೆ ಆವತ್ತೇ ಬಂದರಿಗೆ ಹೋಗ್ಬೇಕು ಅಂತ ಹೇಗೆ ಹೊಳೀತೋ," ಎಂದು ಗೋಡೆಗೆ ಹೇಳುವಂತೆ ಹೇಳಿ ಹೋದ.

ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ದೀಪಾವಳಿ ಕಳೆಯುವ ಹೊತ್ತಿಗೆ ಇಂದಿರಾಳ ಹತ್ತಿರ ನಾಲ್ಕು ಕೋಟೆ. ಸಂಕ್ರಾಂತಿಗೆ ಐದು.

ಉತ್ತರಾಯಣದ ದಿನ ಊರಿಗೆ ಊರೇ ಗಾಳಿಪಟ ಹಿಡಿದು ತಾರಸಿಯ ಮೇಲಿತ್ತು. ಶಕುಂತಲಾ ಎಳ್ಳಿನ ಚಿಕ್ಕಿ ಹಂಚುತ್ತಿದ್ದಾಗ ವಿಠ್ಠಲ ಒಂದು ಡಬ್ಬಿ ಊಂಧಿಯು ಪಲ್ಯ ಹಿಡಿದು ಮೇಲೆ ಬಂದ. ಸುತ್ತಲೂ "ಕಾಯ್‌ಪೋ ಛೇ" ಎಂದು, ಪಟ ಕಡಿದಾಗಲೆಲ್ಲ, ಹುಡುಗರು ಕಿರುಚುತ್ತಿದ್ದರು. ಅವನು ಅವಳನ್ನು ನೀರಿನ ಟ್ಯಾಂಕಿನ ಮರೆಗೆ ಕರೆದ.

"ಶಕುಂತಲಕ್ಕ, ಹೇಳುವುದು ಬೇಡ ಅಂತ ಇದ್ದೆ. ಹೇಳದಿದ್ರೆ ಹೊಟ್ಟೆಯಲ್ಲಿ ಕೊಳೀತದೆ. ನಮ್ಮೆಲ್ಲರ ದಂಡೂ ಡಿಕ್ಕಿ ಹೊಡೆದದ್ದುಂಟು. ನಂದು, ಬಸವರಾಜಂದು, ಚಂದ್ರಶೇಖರಂದು. ಆ ಇಂದಿರಾಂದು ಒಂದೇ ಒಂದು ಸಲ ಆಗ್ಲಿಲ್ಲ ಮಾರಾಯ್ರೆ. ನಾವು ಹೋಗುವ ಕಡೆ ಅವಳು ಬರುವುದಿಲ್ಲ. ನಾವು ಬಿಟ್ಟ ಕಡೆಗೇ ಬರ್ತಾಳೆ. ಹೇಗೆ?"

"ಬುದ್ಧಿವಂತೆ ಇರಬಹುದು."

"ಬುದ್ಧಿಗೆ ಒಂದು ಮಿತಿ ಉಂಟಲ್ಲ." ವಿಠ್ಠಲ ದನಿ ತಗ್ಗಿಸಿದ. "ನೀವು ಹೇಳ್ತೀರಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಫೋನಿನ ಹತ್ತಿರ ನೀವೊಬ್ರೇ ಇರುವುದಾ? ನಿಮ್ಮ ಯಜಮಾನ್ರು ತಿಂಗಳಿಗೆ ಎರಡು ಸಲ ಅಹಮದಾಬಾದಿಗೆ ಹೋಗ್ತಾರೆ. ನಮ್ಮ ತರಕಾರಿ ತರುವವನು ವಟ್ವಾದಲ್ಲಿ ಅವರನ್ನು ನೋಡಿದ್ದಾನೆ. ಇಂದಿರಾ ಜೊತೆಯಲ್ಲಿ. ಚಾ ಅಂಗಡಿಯಲ್ಲಿ. ತಪ್ಪು ತಿಳೀಬೇಡಿ."

ಇಷ್ಟು ಹೇಳಿ ಅವನು ಡಬ್ಬಿ ಅವಳ ಕೈಗಿಟ್ಟು ಮೆಟ್ಟಿಲಿಳಿದ. ಆಚೆ ತಾರಸಿಯಲ್ಲಿ ಸತ್ಯಪ್ರಕಾಶ ಮಗಳಿಗೆ ದಾರದ ಫಿರ್ಕಿ ಹಿಡಿದು ನಗುತ್ತಿದ್ದ. ಶಕುಂತಲಾ ಅವನನ್ನೇ ನೋಡಿದಳು. ಅವನ ಕಚೇರಿ ಕೆಲಸವೆಲ್ಲ ಆಶ್ರಮ ರಸ್ತೆಯಲ್ಲಿ. ವಟ್ವಾ ಊರಿನ ಇನ್ನೊಂದು ತುದಿ. ಅಲ್ಲಿಗೆ ಹೋಗಿದ್ದೆನೆಂದು ಅವನು ಯಾವತ್ತೂ ಹೇಳಿರಲಿಲ್ಲ.

ಮುಂದಿನ ಸಲ ಅವನು ಅಹಮದಾಬಾದಿನಿಂದ ಬಂದು ಸ್ನಾನಕ್ಕೆ ಹೋದಾಗ ಅವಳು ಬೂಟು ಎತ್ತಿ ನೋಡಿದಳು. ಹೊಲಿಗೆಯ ಸಂದಿಯಲ್ಲಿ ನೇರಳೆ ಬಣ್ಣದ ಪುಡಿ ಕೂತಿತ್ತು. ವಟ್ವಾದ ಬೀದಿಯ ಧೂಳಿನ ಬಣ್ಣವೇ ಅದು. ಸಂಘದ ಪಿಕ್‌ನಿಕ್‌ಗೆ ಹೋದಾಗ ಇಂದಿರಾಳ ಚಪ್ಪಲಿಯಲ್ಲೂ ಕಂಡಿದ್ದಳು. ಅಂಗಿಯನ್ನು ಮೂಗಿಗೆ ಹಿಡಿದಳು. ಬಣ್ಣದ ಫ್ಯಾಕ್ಟರಿಯ ಹುಳಿ ಹುಳಿ ವಾಸನೆ.

"ಇವತ್ತು ಎಲ್ಲೆಲ್ಲಿ ಹೋಗಿದ್ರಿ?" ಎಂದು ಊಟದ ಹೊತ್ತಿಗೆ ಕೇಳಿದಳು.

"ಆಫೀಸು. ಇನ್ನೆಲ್ಲಿ?" ಎಂದ ಸತ್ಯಪ್ರಕಾಶ, ಮಜ್ಜಿಗೆ ಸುರಿದುಕೊಳ್ಳುತ್ತ.

ಆ ಮೇಲೆ ಅವಳಿಗೆ ಮನೆಯಲ್ಲಿ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಭಾನುವಾರ ಬೆಳಿಗ್ಗೆ ಅವನು ಹಾಲು, ಪೇಪರು ಎಂದು ಹೊರಗೆ ಹೋದರೆ ತಾಸುಗಟ್ಟಲೆ ಬರುತ್ತಿರಲಿಲ್ಲ. ಸೊಸೈಟಿಯ ಮೂಲೆಯಲ್ಲೇ ಎಸ್‌ಟಿಡಿ ಬೂತಿತ್ತು, ಅಲ್ಲಿಂದ ಇಂದಿರಾ ಕಾಯುವ ಬೂತಿಗೆ ಫೋನ್ ಮಾಡಬಹುದಿತ್ತು. ವಿಠ್ಠಲನ ಫೋನ್ ಬಂದಾಗ ಅವನು ಪಕ್ಕದ ಕುರ್ಚಿಯಲ್ಲೇ ಶೇವ್ ಮಾಡಿಕೊಳ್ಳುತ್ತಿರುತ್ತಿದ್ದ. ಅವಳು ತನ್ನ ಕಡೆಯಿಂದ ಕೋಟೆಯ ಹೆಸರು ತಿರುಗಿ ಹೇಳುತ್ತಿರಲಿಲ್ಲ. ಆದರೆ ವಿಠ್ಠಲನ ಗಂಟಲು ದೊಡ್ಡದು. ರಿಸೀವರಿನ ಆಚೆಗೂ ಕೇಳಿಸುತ್ತಿತ್ತೇನೋ. ಅವಳು ಫೋನನ್ನು ಮಲಗುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳಲು ಶುರುಮಾಡಿದಳು.

"ಅಮ್ಮಾ, ಗೇಮ್ ಹೀ ತೋ ಹೈ. ಯಾಕೆ ಇಷ್ಟು ಟೆನ್ಶನ್?" ಎಂದಳು ಸ್ವಾತಿ.

ಆಟ ಮಾತ್ರವೇ ಆಗಿದ್ದರೆ ಅವಳಿಗೂ ಟೆನ್ಶನ್ ಇರುತ್ತಿರಲಿಲ್ಲ.

ಫೆಬ್ರುವರಿಯ ಒಂದು ಭಾನುವಾರ ಅವಳು, ತನಗೇ ಹೇಸಿಗೆಯಾಗುವಂಥ ಒಂದು ಕೆಲಸ ಮಾಡಿದಳು. ಅಂದು ವಿಠ್ಠಲ ತನ್ನ ದಂಡನ್ನು ಘಟ್ಟದ ಕೋಟೆಗೆ ಕಳಿಸಿದ್ದ. ಅವಳು ಕೋಣೆಯಿಂದ ಹೊರಗೆ ಬಂದು, ಗಂಡನ ಮುಂದೆ ಕಾಫಿ ಇಟ್ಟು, ತನ್ನಷ್ಟಕ್ಕೆ ಅಂದುಕೊಂಡಂತೆ, "ಈ ವಿಠ್ಠಲ ಅವ್ರಿಗೆ ಬಂದರುಕೋಟೆ ಮೇಲೇ ಕಣ್ಣು ನೋಡಿ," ಎಂದಳು. ಬಂದರುಕೋಟೆ ಆಗ ಇಂದಿರಾಳದು. ಈ ಮಾತು ಅವಳಿಗೆ ಮುಟ್ಟಿದರೆ ಅವಳು ದಂಡನ್ನು ಅಲ್ಲೇ ಕಾವಲಿಗೆ ನಿಲ್ಲಿಸಬೇಕು.

ಸತ್ಯಪ್ರಕಾಶ "ಹೂಂ" ಎಂದ. ಕಾಫಿ ಕುಡಿದು, ಚೀಲ ತೆಗೆದುಕೊಂಡು ಹೊರಗೆ ಹೋದ. ಅವಳು ಕಿಟಕಿಯ ಸರಳು ಹಿಡಿದು ಅವನು ಮೂಲೆ ತಿರುಗುವವರೆಗೂ ನೋಡಿದಳು. ಬೂತಿನ ಒಳಗೆ ಹೋದನೋ ದಾಟಿ ಹೋದನೋ ಬೇವಿನ ಮರ ಅಡ್ಡ ಬಂದು ಕಾಣಲಿಲ್ಲ.

ಕೊನೆಗೆ ಇಂದಿರಾಳ ಫೋನ್ ಬಂತು.

"ಮೇಡಂ, ಘಟ್ಟದ ಕೋಟೆ."

ಶಕುಂತಲಾಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬಂದರಿನ ಮಾತೇ ಇಲ್ಲ. ಸತ್ಯಪ್ರಕಾಶ ಹೇಳಿಲ್ಲ. ಆದರೆ ಘಟ್ಟದ ಕೋಟೆಗೆ ವಿಠ್ಠಲನೂ ಹೊರಟಿದ್ದಾನಲ್ಲ, ಪಾಪ, ಇಬ್ಬರದೂ ಹಾಳು.

"ಖಂಡಿತಾನಾ?" ಎಂದಳು.

ಆ ಕಡೆ ಬೂತಿನ ಹೊರಗೆ ಯಾರೋ ಕೂಗುವುದು ಕೇಳಿಸಿತು.

"ಇರಿ... ಬೇಡ. ಹೊಳೆಕೋಟೆ ಅಂತ ಬರ್ಕೊಳ್ಳಿ."

ಹೊಳೆಕೋಟೆ ಅವತ್ತು ಖಾಲಿಯಿತ್ತು. ಇಂದಿರಾಳಿಗೆ ಆರನೇ ಕೋಟೆ.

ಫೋನ್ ಇಟ್ಟು ಶಕುಂತಲಾ ಹಾಸಿಗೆಯ ಮೇಲೆ ಕೂತಳು. ಗಂಡ ಕಳ್ಳನಲ್ಲ. ಆದರೂ ಗುಟ್ಟು ಸೋರುತ್ತಿದೆ. ವಿಠ್ಠಲ ತನ್ನ ಗುಟ್ಟನ್ನು ತಾನೇ ಕೊಡಲಾರ. ಹಾಗಿದ್ದರೆ ಉಳಿದವರು ಯಾರು? ಎಲ್ಲರ ಅಪ್ಪಣೆಯೂ ಗೊತ್ತಿರುವವಳು ಜಗತ್ತಿನಲ್ಲಿ ಒಬ್ಬಳೇ. ಹಾಗೆಂದು ತಾನು ಯಾರಿಗೂ ಏನೂ ಹೇಳಿಲ್ಲವಲ್ಲ. ನಿದ್ದೆಯಲ್ಲೇನಾದರೂ ಮಾತಾಡುತ್ತೇನೆಯೇ ಎಂದೂ ಅನುಮಾನ ಬಂತು. ಅದನ್ನು ಗಂಡನನ್ನು ಕೇಳಲು ಬಾಯಿ ಬರಲಿಲ್ಲ.

ಎಕ್ಸ್‌ಚೇಂಜಿನಲ್ಲಿ ಅವಳ ಪಕ್ಕದ ಬೋರ್ಡಿನವಳು ಕೋಕಿಲಾಬೆನ್, ಮೊದಲಿನಿಂದಲೂ ಜೊತೆಗಿದ್ದ ಗುಜರಾತಿ ಹೆಂಗಸು. ಮೇಲ್ವಿಚಾರಕರು ಆಗಾಗ ಹಿಂದಿನಿಂದ ಲೈನಿಗೆ ಕಿವಿಕೊಟ್ಟು, ಆಪರೇಟರುಗಳು ಗಿರಾಕಿಗಳೊಂದಿಗೆ ಬೇಡದ ಮಾತಾಡುತ್ತಾರೆಯೇ ಎಂದು ಪರೀಕ್ಷಿಸುವುದು ಅಲ್ಲಿ ರೂಢಿ. ಒಂದು ದಿನ ಚಹಾದ ಹೊತ್ತಿಗೆ ಶಕುಂತಲಾ ಹಿಂದಿಯಲ್ಲಿ, "ಕೋಕಿಲಾಬೆನ್, ಭಾನುವಾರ ನಮ್ಮನೆಗೆ ಬಾ. ನನ್ನ ಲೈನ್ ಪರೀಕ್ಷೆ ಮಾಡು," ಎಂದಳು.

"ನಿಮ್ಮ ಭಾಷೆ ನನಗೆಲ್ಲಿ ಬರುತ್ತೆ ಶಕುಬೆನ್?"

"ಅದಕ್ಕೇ ನೀನೇ ಬೇಕು. ಏನು ಹೇಳಿದರು ಅಂತ ನಿನಗೆ ತಿಳಿಯಲ್ಲ."

ಮುಂದಿನ ಆಟದ ಭಾನುವಾರ ಕೋಕಿಲಾಬೆನ್ ಬಂದು, ಮಂಚದ ಮೇಲೆ ಕಾಲು ಮಡಚಿ, ಬಟಾಣಿ ಸುಲಿಯುತ್ತ ಕೂತಳು. ನಾಲ್ಕು ಫೋನೂ ಬಂದವು. ಶಕುಂತಲಾ ಎಂದಿನಂತೆ ಮಾತಾಡಿದಳು. ಕೊನೆಯದನ್ನು ಇಟ್ಟು ತಿರುಗಿದಾಗ ಕೋಕಿಲಾಬೆನ್ ಸುಲಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದಳು.

"ಮೊದಲ ಇಬ್ಬರಿಗೆ ನೀನು ಒಂದೇ ಚಿಕ್ಕ ಮಾತು ಹೇಳಿ ಇಟ್ಟೆ. ಮೂರನೆಯವರಿಗೂ ಅದೇ. ಕೊನೆಯವರಿಗೆ ಇನ್ನೊಂದು ಮಾತು ಕೇಳಿದೆ. ದನಿ ಎತ್ತಿ, ನನ್ನ ಮೊಮ್ಮಗ ಮೆಟ್ಟಿಲ ಅಂಚಿಗೆ ಹೋದಾಗ ನಾನು ಕೂಗುವ ಹಾಗೆ. 'ಖಂಡಿತಾನಾ', 'ಖಂಡಿತಾನಾ'. ಅದೇನು ಆ ಮಾತು?"

ಶಕುಂತಲಾ ಮಂಚದ ಅಂಚಿಗೆ ಕೂತಳು. ಅಂದು ಇಂದಿರಾ ಮೊದಲು ಹೇಳಿದ ಕೋಟೆಗೆ ಬಸವರಾಜನೂ ಹೊರಟಿದ್ದ. ಡಿಕ್ಕಿಯಾಗುವುದು ಶಕುಂತಲಾಗೆ ಮೊದಲೇ ಕಂಡಿತ್ತು. ಹಳ್ಳಕ್ಕೆ ಬೀಳುವವರನ್ನು ಕಂಡರೆ ಬಾಯಿಂದ ಬರುವ ಮಾತು ತಾನೇ ತಾನಾಗಿ ಬಂದಿತ್ತು. ಡಿಕ್ಕಿ ಇಲ್ಲದಿದ್ದಾಗ ಅವಳು "ಬರ್ಕೊಂಡೆ" ಎಂದಷ್ಟೇ ಹೇಳಿ ಇಡುತ್ತಿದ್ದಳು. ಹಿಂದಿನದೆಲ್ಲ ನೆನಪಿಗೆ ತಂದುಕೊಂಡಳು. ಯಾವಾಗಲೂ ಹಾಗೆಯೇ. ಬೆಳಿಗ್ಗೆ ಮೊದಲು ಕರೆ ಮಾಡುವ ವಿಠ್ಠಲನಿಗೆ ಆ ಮಾತು ಎಂದೂ ಸಿಕ್ಕಿರಲಿಲ್ಲ, ಏಕೆಂದರೆ ಅವನ ಹೊತ್ತಿಗೆ ಬೇರೆ ಯಾರ ಅಪ್ಪಣೆಯೂ ಬಂದಿರುತ್ತಿರಲಿಲ್ಲ. ಕೊನೆಗೆ ಕರೆ ಮಾಡುವವಳಿಗೆ ಮಾತ್ರ ಪ್ರತಿ ಸಲವೂ ಅದು ಪುಕ್ಕಟೆಯಾಗಿ ಸಿಗುತ್ತಿತ್ತು. ಒಂದು ಕೋಟೆಯ ಹೆಸರನ್ನೂ ಹೇಳದೆ, ಯಾರ ಗುಟ್ಟನ್ನೂ ಬಿಚ್ಚದೆ, ಅವಳು ಎಲ್ಲವನ್ನೂ ಹೇಳಿಬಿಟ್ಟಿದ್ದಳು.

ಮರುದಿನ ಅವಳು ಇಂದಿರಾಳ ಫ್ಯಾಕ್ಟರಿಗೆ ಫೋನ್ ಮಾಡಿದಳು. ಲ್ಯಾಬಿನಿಂದ ಅವಳನ್ನು ಕರೆಸಲು ಬಹಳ ಹೊತ್ತು ಹಿಡಿಯಿತು.

"ನಾನು 'ಖಂಡಿತಾನಾ' ಅಂದಾಗಲೆಲ್ಲ ನೀವು ಕೋಟೆ ಬದಲಾಯಿಸ್ತಿದ್ರಿ. ಗೊತ್ತಿದ್ದೇ ಮಾಡಿದ್ರಾ?"

ಇಂದಿರಾ ಸುಳ್ಳು ಹೇಳಲಿಲ್ಲ. "ಮೊದ್ಲು ಗೊತ್ತಿರ್ಲಿಲ್ಲ. ಹಿರಿಯರು ಕೇಳ್ತಿದಾರೆ, ಇನ್ನೊಂದ್ಸಲ ಯೋಚಿಸೋಣ ಅಂತ ಬದಲಾಯಿಸ್ತಿದ್ದೆ. ಆಮೇಲೆ ಗೊತ್ತಾಯ್ತು."

"ಯಾವಾಗ?"

"ಅದನ್ನ ಹೇಳ್ಬೇಕಾ ಮೇಡಂ?" ಅವಳೇ ಮುಂದುವರಿಸಿದಳು. "ಸುಳ್ಳು ಹೇಳ್ಬಾರ್ದು ಅಂತ ನಿಯಮ. ಕೇಳಿಸ್ಕೋಬಾರ್ದು ಅಂತ ಇಲ್ವಲ್ಲ."

ಕೊನೆಗೆ ಕರೆ ಮಾಡುವುದಕ್ಕೆ ನಿಜವಾಗಿ ಬೂತಿನ ಸಾಲೇ ಕಾರಣವೋ, ಅಥವಾ ಗೊತ್ತಾದ ಮೇಲೆ ಬೇಕೆಂದೇ ಕಾಯುತ್ತಿದ್ದಳೋ ಎಂದು ಕೇಳಬೇಕೆಂದು ಶಕುಂತಲಾಗೆ ಅನ್ನಿಸಿತು. ಕೇಳಲಿಲ್ಲ. ಯಾವ ಉತ್ತರ ಬಂದರೂ ನಂಬುವುದು ಕಷ್ಟವಿತ್ತು.

ಹೋಳಿಯ ಮುಂಚಿನ ಭಾನುವಾರ ವಿಠ್ಠಲನ ಹೋಟೆಲಿನ ಮೇಲ್ಮಹಡಿಯ ಕೋಣೆಗೆ ನಾಲ್ವರನ್ನೂ ಕರೆಸಿದಳು. ಕೆಳಗೆ ಹಾಸ್ಟೆಲ್ ಹುಡುಗರ ಗಲಾಟೆ, ದೋಸೆ ಹೊಯ್ಯುವ ಸದ್ದು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಗಂಡನ ವಿಷಯ ಮಾತ್ರ ಬಿಟ್ಟಳು.

ಮೊದಲು ಎದ್ದವನು ಚಂದ್ರಶೇಖರ. "ಅಯ್ಯೋ, ನನ್ನೂ ಕೇಳ್ತಿದ್ರಲ್ಲ! ನಾನು 'ಖಂಡಿತ ಮೇಡಂ' ಅಂತ ಇನ್ನೂ ಜೋರಾಗಿ ಹೇಳ್ತಿದ್ದೆ!" ಎಂದು ಹಣೆ ಚಚ್ಚಿಕೊಂಡ. ಬಸವರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ವಿಠ್ಠಲ ನಗಲಿಲ್ಲ.

"ಇದು ಆಟ ಅಲ್ಲ. ಇಷ್ಟು ದಿನದ್ದೆಲ್ಲ ಅಳಿಸಿ ಮೊದಲಿಂದ ಶುರು ಮಾಡುವ," ಎಂದ.

ಇಂದಿರಾ ಮೆಲ್ಲಗೆ, "ನಾಲ್ಕು ಕೋಟೆ ವಾಪಸ್ ಕೊಡ್ತೀನಿ," ಎಂದಳು.

"ಬೇಡ," ಎಂದಳು ಶಕುಂತಲಾ. "ಇಂದಿರಾ ನಿಯಮ ಮುರಿದಿಲ್ಲ. ಮುರಿದವಳು ನಾನು. ನನ್ನ ತಪ್ಪಿಗೆ ಅವರ ಕೋಟೆ ಯಾಕೆ ಹೋಗ್ಬೇಕು? ಗೆದ್ದದ್ದು ಗೆದ್ದ ಹಾಗೇ ಇರ್ಲಿ. ಇವತ್ತಿಂದ, ಯಾರೇ ಆಗ್ಲಿ, ಬಾಯಿಂದ ಮೊದ್ಲು ಬಂದದ್ದೇ ಅಪ್ಪಣೆ. ಬದಲಾಯಿಸೋ ಹಾಗಿಲ್ಲ. ನಾನು ಎಲ್ರಿಗೂ 'ಬರ್ಕೊಂಡೆ' ಅನ್ನೋದು ಬಿಟ್ಟು ಬೇರೆ ಮಾತಾಡಲ್ಲ. ಇದು ನನ್ನ ಕೊನೆ ತೀರ್ಪು. ಇನ್ನು ನೀವು ಬೇರೆ ಮಧ್ಯಸ್ಥರನ್ನ ನೋಡ್ಕೊಳ್ಳಿ."

"ಅಕ್ಕಾರ, ಹಂಗ ಅನಬ್ಯಾಡ್ರಿ," ಎಂದ ಬಸವರಾಜ.

ವಿಠ್ಠಲ ಬಹಳ ಹೊತ್ತು ಕಾಫಿ ಲೋಟವನ್ನೇ ತಿರುಗಿಸಿದ. "ನಿಮ್ಮ ದೋಷ ಎಂಥದು ಅಂತ ಈಗ ಗೊತ್ತುಂಟು," ಎಂದ ಕೊನೆಗೆ. "ಹೊಸಬರನ್ನು ತಂದರೆ ಅವರ ದೋಷ ಹುಡುಕ್ಲಿಕ್ಕೆ ಇನ್ನೊಂದು ವರ್ಷ ಬೇಕು. ನೀವೇ ಇರಿ."

ಮುಂದಿನ ಸಲವೂ ಇಂದಿರಾಳ ಫೋನ್ ಕೊನೆಗೇ ಬಂತು. ಕೋಟೆಯ ಹೆಸರು ಹೇಳಿ ಅವಳು ಸುಮ್ಮನೆ ಕಾದಳು. ಅದೇ ಕೋಟೆಗೆ ಚಂದ್ರಶೇಖರನೂ ಹೊರಟಿದ್ದ. ಶಕುಂತಲಾ ನಾಲಿಗೆ ತುದಿಯವರೆಗೆ ಬಂದ ಮಾತನ್ನು ಹಲ್ಲಿನಲ್ಲಿ ಹಿಡಿದಳು. "ಬರ್ಕೊಂಡೆ," ಎಂದಳು. ದನಿ ನಡುಗಿತೇನೋ ಎಂದು ಆಮೇಲೆ ಇಡೀ ದಿನ ಅನುಮಾನ. ಆ ಡಿಕ್ಕಿಯಲ್ಲಿ ಇಂದಿರಾಳ ಅರ್ಧ ಸೈನ್ಯ ಹೋಯಿತು. ದೀಪಾವಳಿಯ ಹೊತ್ತಿಗೆ ಆಟ ಮುಗಿದಾಗ ಗೆದ್ದವನು ಬಸವರಾಜ. "ನಕ್ಷೆ ಬರೆದವನೇ ಗೆಲ್ಲುವುದು, ಅದರಲ್ಲಿ ಏನುಂಟು," ಎಂದ ವಿಠ್ಠಲ. ಬಸವರಾಜನಿಗೆ ಹುಬ್ಬಳ್ಳಿಗೆ ವರ್ಗವಾಗಿ ಅವನು ನಕ್ಷೆ ಸುತ್ತಿಕೊಂಡು ಹೋದ. ಎಲ್ಲರ ಮನೆಗೂ ನೇರ ಎಸ್‌ಟಿಡಿ ಬಂದು ಟ್ರಂಕ್ ಬೋರ್ಡುಗಳು ಒಂದೊಂದಾಗಿ ಮುಚ್ಚಿದವು. ಶಕುಂತಲಾಳನ್ನು ನಂಬರ್ ವಿಚಾರಣೆಯ ವಿಭಾಗಕ್ಕೆ ಹಾಕಿದರು.

ಆದರೆ ಅವಳ ಪಾಲಿನ ಒಂದು ಲೆಕ್ಕ ಹೋಟೆಲಿನ ಮಹಡಿಯಲ್ಲಿ ಮುಗಿದಿರಲಿಲ್ಲ. ಆ ಸಭೆಯ ಸಂಜೆಯೇ ಅವಳು ಸತ್ಯಪ್ರಕಾಶನ ಎದುರು ಕೂತು, ಫೆಬ್ರುವರಿಯಲ್ಲಿ ಅವನ ಮುಂದೆ ಬೇಕೆಂದೇ ಸುಳ್ಳು ಹೇಳಿದ್ದನ್ನು, ಬೂಟು ನೋಡಿದ್ದನ್ನು, ಅಂಗಿ ಮೂಸಿದ್ದನ್ನು ಹೇಳಿದಳು.

ಅವನು ಪೇಪರು ಮಡಚಿಟ್ಟ. "ವಟ್ವಾಕ್ಕೆ ಹೋಗಿದ್ದು ಹೌದು. ಇಂದಿರಾನ ಕಂಡಿದ್ದೂ ಹೌದು. ಅವರ ಲ್ಯಾಬಿನಲ್ಲಿ ಕೆಲಸ ಮಾಡ್ತಿದ್ದವನೊಬ್ಬ ತೀರಿಕೊಂಡ. ಅವನ ಪಾಲಿಸಿ ವಿಚಾರಣೆ ನನ್ನ ಕೈಲಿದೆ. ಅವರು ಹೇಳಿಕೆ ಕೊಡ್ಬೇಕಿತ್ತು. ಇದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ."

"ನಂಗೆ ಇಷ್ಟಾದ್ರೂ ಹೇಳ್ಬಹುದಿತ್ತು."

"ಬೋರ್ಡಿನಲ್ಲಿ ಕೇಳಿದ್ದನ್ನ ನೀನು ನಂಗೆ ಯಾವತ್ತಾದ್ರೂ ಹೇಳಿದೀಯಾ?" ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಆಮೇಲೆ ಅವನು ಕೇಳಿದ. "ನೀನು ಅನುಮಾನ ಪಟ್ಟಿದ್ದು ಆಟದ್ದಾ, ನಂದಾ?"

ಆಟದ್ದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಶಕುಂತಲಾಗೆ ಅದು ಗೊತ್ತಿತ್ತು.

"ಎರಡೂ," ಎಂದಳು.

ಅವನು ತಲೆಯಾಡಿಸಿದ. ಎದ್ದು ಹೋಗಿ ಬೂಟಿಗೆ ಪಾಲಿಶ್ ಹಾಕಲು ಕೂತ. ಜಗಳವಾಗಲಿಲ್ಲ, ಊಟ ತಪ್ಪಲಿಲ್ಲ. ಆದರೆ ಅಂದಿನಿಂದ ಅಹಮದಾಬಾದಿಗೆ ಹೊರಡುವ ಮುಂಚೆ ಸತ್ಯಪ್ರಕಾಶ ಬಾಗಿಲಲ್ಲಿ ನಿಂತು, ಕೇಳದೆಯೇ ಹೇಳತೊಡಗಿದ. ಇವತ್ತು ಇಂಥವರನ್ನ ನೋಡ್ತೀನಿ, ಇಂಥ ಕಡೆ ಹೋಗ್ತೀನಿ, ಇಂಥ ರೈಲಿಗೆ ಬರ್ತೀನಿ. ದೊಡ್ಡ ಸಾಹೇಬರಿಗೆ ವರದಿ ಒಪ್ಪಿಸುವ ಹಾಗೆ, ಒಂದೇ ದನಿಯಲ್ಲಿ.

"ಇದನ್ನೆಲ್ಲ ಹೇಳ್ಬೇಡಿ ರೀ," ಎಂದಳು ಅವಳು. ಮೊದಲು ನಗುತ್ತ ಹೇಳಿದಳು, ಆಮೇಲೆ ಸಿಡುಕಿ ಹೇಳಿದಳು, ಒಮ್ಮೆ ಕಣ್ಣೀರು ಹಾಕಿಕೊಂಡು ಹೇಳಿದಳು.

"ಆಯ್ತು," ಎನ್ನುತ್ತಿದ್ದ ಸತ್ಯಪ್ರಕಾಶ. ಮುಂದಿನ ಸಲ ಮತ್ತೆ ಬಾಗಿಲಲ್ಲಿ ನಿಲ್ಲುತ್ತಿದ್ದ.